ಅತ್ತೆ ಮಾವನ ಜೊತೆ ಪಕ್ಕದ ಬೀದಿಯ ಕ್ಯಾಂಟನೀಸ್ ಹೋಟೆಲ್‌ಗೆ: ಏನು ಆರ್ಡರ್ ಮಾಡೋದು?

ಮಂಜಿನೂರಿನವಳು · ಗುರುವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ನಾವಿರುವುದು ಸ್ಯಾನ್ ಫ್ರಾನ್ಸಿಸ್ಕೋದ ಸನ್‌ಸೆಟ್‌ನಲ್ಲಿ, ಇರ್ವಿಂಗ್ ಸ್ಟ್ರೀಟ್ ಹತ್ತಿರ. ಪಕ್ಕದ ಬೀದಿಯಲ್ಲೇ ಒಂದು ಕ್ಯಾಂಟನೀಸ್ ಹೋಟೆಲ್ ಇದೆ, ಅಂದರೆ ದಕ್ಷಿಣ ಚೀನಾದ ಕ್ಯಾಂಟನ್ ಕಡೆಯ ಅಡುಗೆಯದು. ದೊಡ್ಡದೇನಲ್ಲ. ದುಂಡು ಮೇಜುಗಳು, ಗಾಜಿನ ತೊಟ್ಟಿಯಲ್ಲಿ ಮೀನು, ಏಡಿ, ಗೋಡೆ ತುಂಬ ಚೀನೀ ಅಕ್ಷರದ ಚೀಟಿಗಳು. ಸಂಜೆಯಾದರೆ ಅಜ್ಜ, ಅಜ್ಜಿ, ಮೊಮ್ಮಕ್ಕಳು ಅಂತ ಇಡೀ ಸಂಸಾರಗಳೇ ಬಂದು ಕೂರುತ್ತವೆ. ನಾವು ಮಾತ್ರ ಇಲ್ಲಿವರೆಗೆ ಪಾರ್ಸೆಲ್ ತಂದಿದ್ದೇವೆ ಹೊರತು ಕೂತು ಉಂಡಿಲ್ಲ.

ಈಗ ಶಿವಮೊಗ್ಗದಿಂದ ಅತ್ತೆ ಮಾವ ಬಂದಿದ್ದಾರೆ. ಪಕ್ಕದ ಮನೆಯಲ್ಲಿ ಹಾಂಗ್‌ಕಾಂಗ್‌ನ ಅಜ್ಜಿಯೊಬ್ಬರಿದ್ದಾರೆ. ಅವರಿಗೂ ಮಾವನಿಗೂ ಕೈಸನ್ನೆಯಲ್ಲೇ ಸ್ನೇಹವಾಗಿದೆ. ಮೊನ್ನೆ ಆ ಹೋಟೆಲ್ ಕಡೆ ಕೈ ತೋರಿಸಿ "ಗುಡ್, ಗುಡ್" ಅಂದರಂತೆ. ಅಲ್ಲಿಂದ ಮಾವನದು ಒಂದೇ ಹಠ.

ಅತ್ತೆ ಪೂರ್ತಿ ವೆಜ್, ಮೊಟ್ಟೆಯೂ ಇಲ್ಲ. ಮಾವ ಮೊಟ್ಟೆ ತಿನ್ನುತ್ತಾರೆ, ಅದಕ್ಕಿಂತ ಮುಂದೆ ಹೋಗುವುದಿಲ್ಲ. ನನ್ನದೂ ಹಾಗೆಯೇ. ನನ್ನ ಗಂಡ ಮತ್ತು ಮಗ ಏನು ಕೊಟ್ಟರೂ ತಿನ್ನುತ್ತಾರೆ. ಒಟ್ಟು ಐದು ಜನ. ಮೆನುವಿನಲ್ಲಿ ‘ವೆಜಿಟೇಬಲ್ಸ್’ ಅಂತ ಒಂದು ಪುಟ ಇದೆ. ಅದನ್ನು ನಂಬಬಹುದಾ?

ಮಿಲ್ಪಿಟಾಸ್ ಮಾವ · ಗುರುವಾರ ರಾತ್ರಿ

ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ ಮೇಡಂ. ಅಂಥ ಕಡೆ ನಮ್ಮಂಥವರಿಗೆ ಸಿಗುವುದು ಬಿಳಿ ಅನ್ನ, ಬಿಸಿ ಚಹಾ. ಸನ್ನಿವೇಲ್ ಕಡೆ ಬನ್ನಿ, ಇಂಡೋ-ಚೈನೀಸ್ ಹೋಟೆಲ್‌ಗಳು ಬೇಕಾದಷ್ಟಿವೆ. ಗೋಬಿ ಮಂಚೂರಿ, ಹಕ್ಕಾ ನೂಡಲ್ಸ್ ತಿನ್ನಿಸಿ. ಅತ್ತೆಗೂ ಖುಷಿ, ನಿಮಗೂ ನೆಮ್ಮದಿ. ಅಲ್ಲದೆ ಕ್ಯಾಂಟನೀಸ್ ಅಡುಗೆ ಬರೀ ಸಪ್ಪೆ. ಚೈನೀಸ್ ಅಂದಮೇಲೆ ಖಾರ ಇರಬೇಕು.

ಒಗ್ಗರಣೆ · ಗುರುವಾರ ರಾತ್ರಿ

ಸಾರ್, ಗೋಬಿ ಮಂಚೂರಿ ತಿನ್ನಲು ಶಿವಮೊಗ್ಗದಿಂದ ಇಲ್ಲಿವರೆಗೆ ಬರಬೇಕಾ? ಅವರ ಬಸ್‌ಸ್ಟ್ಯಾಂಡ್ ಪಕ್ಕದಲ್ಲೇ ಸಿಗುತ್ತದೆ.

ಕೌಲೂನ್ ಕನ್ನಡಿಗ · ಶುಕ್ರವಾರ ಬೆಳಗ್ಗೆ

ನಾನು ಹಾಂಗ್‌ಕಾಂಗ್‌ನಲ್ಲಿ ಕೆಲಸ ಮಾಡಿ ಈಗ ಡೇಲಿ ಸಿಟಿಗೆ ಬಂದಿದ್ದೇನೆ. ಮನೆಯಲ್ಲಿ ನಾವು ಪೂರ್ತಿ ವೆಜ್. ಆದ್ದರಿಂದ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ, ಕ್ಷಮಿಸಿ.

ಆ ಪುಟವನ್ನು ನಂಬಬೇಡಿ. ಹೋಟೆಲ್‌ನವರು ಸುಳ್ಳು ಹೇಳುತ್ತಿದ್ದಾರೆ ಅಂತಲ್ಲ. ತರಕಾರಿ ಜಾಸ್ತಿ ಇರುವ ಅಡುಗೆಗಳನ್ನೆಲ್ಲ ಒಂದು ಕಡೆ ಬರೆದಿರುತ್ತಾರೆ, ಅಷ್ಟೇ. ಹುರಿದ ಬೀನ್ಸ್ ಮೇಲೆ ಕೊಚ್ಚಿದ ಹಂದಿ ಮಾಂಸ ಇರುತ್ತದೆ. ಮಣ್ಣಿನ ಮಡಕೆಯಲ್ಲಿ ಕುದಿಯುತ್ತಾ ಬರುವ ಬದನೆಕಾಯಿಯಲ್ಲೂ ಅದೇ, ಕೆಲವು ಕಡೆ ಉಪ್ಪುಮೀನಿನ ಚೂರೂ ಸೇರಿರುತ್ತದೆ. ಗಾಯ್ ಲಾನ್ ಸೊಪ್ಪಿನ ಮೇಲೆ ಸುರಿಯುವುದು ಆಯ್ಸ್ಟರ್ ಸಾಸ್, ಅಂದರೆ ಸಮುದ್ರದ ಚಿಪ್ಪುಜೀವಿಯಿಂದ ಮಾಡಿದ ಸಾಸ್. ಬಟಾಣಿ ಕುಡಿಯನ್ನು ‘ಸುಪೀರಿಯರ್ ಬ್ರಾತ್’ನಲ್ಲಿ ಮಾಡಿದ್ದು ಅಂತ ಬರೆದಿದ್ದರೆ, ಅದು ಕೋಳಿ, ಹಂದಿ, ಒಣಗಿಸಿದ ಹ್ಯಾಮ್ ಹಾಕಿ ಗಂಟೆಗಟ್ಟಲೆ ಕುದಿಸಿದ ಸಾರು. ನೋಡಲು ತಿಳಿಯಾಗಿರುತ್ತದೆ, ಗೊತ್ತೇ ಆಗುವುದಿಲ್ಲ.

ಇನ್ನೊಂದು ಅಪಾಯ ನೀವು ಕೇಳದೇ ಬರುತ್ತದೆ. ಇಂಥ ಬೀದಿ ಹೋಟೆಲ್‌ಗಳಲ್ಲಿ ರಾತ್ರಿ ಊಟಕ್ಕೆ ಕೂತ ತಕ್ಷಣ ದಿನದ ಸೂಪ್ ಅಂತ ಒಂದು ದೊಡ್ಡ ಬಟ್ಟಲು ಪುಕ್ಕಟೆ ತಂದಿಡುವ ರೂಢಿ ಇದೆ. ಮುಂದೆ ಇಟ್ಟರೆ ತಾವರೆ ಬೇರು, ಕ್ಯಾರೆಟ್, ಬೂದುಕುಂಬಳಕಾಯಿ ಎಲ್ಲ ಕಾಣುತ್ತದೆ. ಅತ್ತೆಯವರು ಮಜ್ಜಿಗೆ ಹುಳಿಯ ಹೋಳು ಅಂದುಕೊಂಡು ಚಮಚ ಹಾಕಿಬಿಡಬಹುದು. ಅದು ಹಂದಿ ಮೂಳೆಯ ಜೊತೆ ಬೆಳಗ್ಗೆಯಿಂದ ಬೆಂದ ಹೋಳು. ಆ ಬಟ್ಟಲನ್ನು ನಿಮ್ಮ ಗಂಡ, ಮಗನ ಕಡೆ ತಳ್ಳಿ.

ಹಾಗಂತ ಬಿಳಿ ಅನ್ನ ತಿಂದು ಏಳಬೇಕಿಲ್ಲ. ಮಾಂಸ ಬಿಟ್ಟು ಉಣ್ಣುವುದು ಕ್ಯಾಂಟನೀಸರಿಗೆ ಹೊಸದಲ್ಲ. ಬೌದ್ಧರ ಸಸ್ಯಾಹಾರಕ್ಕೆ ಅವರು ‘ಜಾಯ್’ ಅನ್ನುತ್ತಾರೆ. ಚಾಂದ್ರಮಾನ ತಿಂಗಳ ಮೊದಲ ದಿನ ಮತ್ತು ಹದಿನೈದನೇ ದಿನ ಎಷ್ಟೋ ಮನೆಯ ಹಿರಿಯರು ಜಾಯ್ ಮಾತ್ರ ಉಣ್ಣುತ್ತಾರೆ. ನಮ್ಮ ಲೆಕ್ಕದಲ್ಲಿ ಹೆಚ್ಚುಕಡಿಮೆ ಅಮಾವಾಸ್ಯೆ, ಹುಣ್ಣಿಮೆ. ಅವರ ಹೊಸ ವರ್ಷದ ಮೊದಲ ದಿನವೂ ಹಾಗೆಯೇ. ಕಟ್ಟುನಿಟ್ಟಿನ ಜಾಯ್‌ನಲ್ಲಿ ಈರುಳ್ಳಿ, ಬೆಳ್ಳುಳ್ಳಿಯೂ ಇಲ್ಲ. ನಿಮ್ಮ ಅತ್ತೆಗೆ ಇದನ್ನು ಹೇಳಿ ನೋಡಿ, ಅರ್ಧ ಭಯ ಹೋಗುತ್ತದೆ.

ಆದ್ದರಿಂದ ಕೂತ ಕೂಡಲೇ, ಮೆನು ತೆರೆಯುವುದಕ್ಕೂ ಮೊದಲು, ಅತ್ತೆಯನ್ನು ತೋರಿಸಿ ‘ಸಿಕ್ ಜಾಯ್’ ಅನ್ನಿ. ‘ನೋ ಮೀಟ್’ ಅಂದರೆ ಮಾಂಸದ ತುಂಡು ಬಿಟ್ಟು ಅದೇ ಸಾರು, ಅದೇ ಸಾಸ್ ಹಾಕಿ ಕೊಡುತ್ತಾರೆ. ‘ಸಿಕ್ ಜಾಯ್’ ಅಂದರೆ ಇದು ವ್ರತದ ವಿಷಯ ಅಂತ ಅವರಿಗೆ ತಿಳಿಯುತ್ತದೆ. ನಮ್ಮ ಬಾಯಲ್ಲಿ ಉಚ್ಚಾರ ಸರಿ ಬರುವುದಿಲ್ಲ. ಪಕ್ಕದ ಮನೆ ಅಜ್ಜಿಯ ಹತ್ತಿರವೇ ಒಂದು ಚೀಟಿ ಬರೆಸಿಕೊಳ್ಳಿ.

ಚೀಟಿಯಲ್ಲಿ ಇನ್ನೊಂದು ಸಾಲು ಸೇರಿಸಲು ಹೇಳಿ: ಆಯ್ಸ್ಟರ್ ಸಾಸ್ ಬೇಡ. ಕೆಲವರ ಲೆಕ್ಕದಲ್ಲಿ ಆಯ್ಸ್ಟರ್ ಜಾಯ್‌ಗೆ ನಡೆಯುತ್ತದೆ. ಹೊಸ ವರ್ಷದ ಜಾಯ್‌ಗೆ ಒಣಗಿಸಿದ ಆಯ್ಸ್ಟರ್ ಹಾಕುವ ಮನೆಗಳಿವೆ. ಅಣಬೆಯಿಂದ ಮಾಡಿದ ವೆಜ್ ಆಯ್ಸ್ಟರ್ ಸಾಸ್ ಕೂಡ ಬಾಟಲಿಯಲ್ಲಿ ಬರುತ್ತದೆ, ಆದರೆ ಎಲ್ಲ ಅಡುಗೆಮನೆಯಲ್ಲೂ ಇಟ್ಟಿರುವುದಿಲ್ಲ.

ತೊವ್ವೆ ಅನ್ನ · ಶುಕ್ರವಾರ ಬೆಳಗ್ಗೆ

ಎಲ್ಲ ಸರಿಯಪ್ಪ, ಬಾಣಲೆ ಒಂದೇ ಅಲ್ವಾ? ಹಂದಿ ಹುರಿದ ಬಾಣಲೆಯಲ್ಲಿ ಸೊಪ್ಪು ಹುರಿದರೆ ಅದನ್ನು ವೆಜ್ ಅನ್ನುವುದು ಹೇಗೆ? ನಾನು ಯಾರನ್ನೂ ದೂರುತ್ತಿಲ್ಲ, ತಿಳಿದುಕೊಳ್ಳಲು ಕೇಳಿದೆ.

ಕೌಲೂನ್ ಕನ್ನಡಿಗ · ಶುಕ್ರವಾರ ಮಧ್ಯಾಹ್ನ

ಒಂದೇ ಅಮ್ಮಾ. ಒಂದು ಅಡುಗೆ ಇಳಿಸಿದ ಮೇಲೆ ಒಲೆಯ ಮೇಲೇ ನೀರು ಹಾಕಿ, ಬಿದಿರಿನ ಬ್ರಷ್‌ನಲ್ಲಿ ಉಜ್ಜಿ, ನೀರು ಚೆಲ್ಲಿ ಮುಂದಿನದಕ್ಕೆ ಇಳಿಯುತ್ತಾರೆ. ಕರಿಯುವ ಎಣ್ಣೆಯೂ ಒಂದೇ. ತೋಫು ಕರಿದ ಎಣ್ಣೆಯಲ್ಲೇ ಸೀಗಡಿಯೂ ಮುಳುಗಿರುತ್ತದೆ. ಇದು ಆಗುವುದಿಲ್ಲ ಅನ್ನುವವರಿಗೆ ಬೀದಿ ಹೋಟೆಲ್ ಸರಿಯಲ್ಲ. ಬೌದ್ಧರೇ ನಡೆಸುವ ಪೂರ್ತಿ ಸಸ್ಯಾಹಾರಿ ಚೀನೀ ಹೋಟೆಲ್‌ಗಳಿವೆ, ಅಲ್ಲಿಗೇ ಹೋಗಬೇಕು. ಇದನ್ನು ಮೊದಲೇ ಕೇಳಿಕೊಂಡು ಹೋಗುವುದು ಒಳ್ಳೆಯದು. ಊಟಕ್ಕೆ ಕೂತ ಮೇಲೆ ಕೇಳಿದರೆ ಎಲ್ಲರ ಊಟವೂ ಕೆಡುತ್ತದೆ.

ಮಂಜಿನೂರಿನವಳು · ಶುಕ್ರವಾರ ಸಂಜೆ

ಅತ್ತೆಯನ್ನು ಕೇಳಿದೆ. "ವಿಮಾನದಲ್ಲಿ ಕೊಟ್ಟಿದ್ದು ತಿಂದು ಬಂದವಳಿಗೆ ಈಗ ಬಾಣಲೆ ಲೆಕ್ಕ ಯಾಕೆ? ತಟ್ಟೆಗೆ ಬರದಿದ್ದರೆ ಆಯ್ತು" ಅಂದರು. ಕರಿದದ್ದು ಮಾತ್ರ ಬೇಡವಂತೆ.

ಬಂಗುಡೆ ಪ್ರೇಮಿ · ಶುಕ್ರವಾರ ಸಂಜೆ

ಬರೀ ವೆಜ್ ಮಾತಾಯಿತು. ಆ ಇಬ್ಬರು ಗಂಡಸರ ಗತಿ ಏನು? ನಾನು ಕುಂದಾಪುರದವನು, ಮೀನಿನ ವಿಷಯದಲ್ಲಿ ನನ್ನ ಮಾತು ಕೇಳಿ.

ತೊಟ್ಟಿಯಲ್ಲಿ ಜೀವಂತ ಮೀನು ಇದೆ ಅಂದಿರಲ್ಲ, ಅದನ್ನೇ ಹಬೆಯಲ್ಲಿ ಬೇಯಿಸಲು ಹೇಳಿ. ಇಡೀ ಮೀನು, ತಲೆ ಬಾಲ ಸಮೇತ. ಮೇಲೆ ಎಳೆಯಾಗಿ ಸೀಳಿದ ಶುಂಠಿ, ಈರುಳ್ಳಿ ಸೊಪ್ಪು. ಅದರ ಮೇಲೆ ಚುರ್ ಅನ್ನುವಂತೆ ಕಾದ ಎಣ್ಣೆ, ಕೊನೆಗೆ ಸೋಯಾ ಸಾಸ್. ಅಷ್ಟೇ. ಮಸಾಲೆ ಇಲ್ಲ, ಹುಳಿ ಇಲ್ಲ, ತೆಂಗಿನಕಾಯಿ ಇಲ್ಲ. ನಮ್ಮ ಕಡೆಯವರಿಗೆ ಮೊದಲು "ಇದೇನಿದು ಕಾಯಿಲೆಯವರ ಊಟ" ಅನ್ನಿಸುತ್ತದೆ. ಎರಡನೇ ತುತ್ತಿಗೆ ಗೊತ್ತಾಗುತ್ತದೆ. ಮೀನು ಹಳತಾಗಿದ್ದರೆ ಬಚ್ಚಿಡಲು ಇಲ್ಲಿ ಜಾಗವೇ ಇಲ್ಲ. ಸಪ್ಪೆ ಅನ್ನುವವರಿಗೆ ನನ್ನ ಉತ್ತರ ಇದು. ಮುಳ್ಳಿನ ಹತ್ತಿರ ಮಾಂಸ ಈಗಷ್ಟೇ ಬೆಂದಂತಿರಬೇಕು, ಒಂದು ನಿಮಿಷ ಜಾಸ್ತಿಯಾದರೂ ಅಡುಗೆಯವನ ಹೆಸರು ಹೋಯಿತು.

ಆದರೆ ಬೆಲೆ ಕೇಳದೆ ಹೇಳಬೇಡಿ. ಮೆನುವಿನಲ್ಲಿ ‘ಸೀಸನಲ್ ಪ್ರೈಸ್’ ಅಂತ ಇದ್ದರೆ ತೂಕದ ಲೆಕ್ಕ. ಮೀನು ಹಿಡಿದು ನಿಮ್ಮ ಮೇಜಿಗೆ ತಂದು ತೋರಿಸುತ್ತಾರೆ. ಆಗಲೇ "ಇದಕ್ಕೆ ಎಷ್ಟು?" ಅಂತ ಕೇಳಿ. ನಾಚಿಕೆಪಡುವ ವಿಷಯ ಅಲ್ಲ, ಪಕ್ಕದ ಮೇಜಿನ ಚೀನೀ ಅಜ್ಜಂದಿರೂ ಕೇಳುತ್ತಾರೆ. ಏಡಿ ಇನ್ನೂ ಜೋಪಾನ. ಡಂಜನೆಸ್ ಏಡಿ ಇಲ್ಲಿಯ ಸಮುದ್ರದ್ದೇ. ಚಳಿಗಾಲದಲ್ಲಿ ಸೀಸನ್ ಶುರುವಾದ ಮೇಲೆ ತಿನ್ನಿ. ಶುಂಠಿ ಮತ್ತು ಈರುಳ್ಳಿ ಸೊಪ್ಪು ಹಾಕಿ ಹುರಿದದ್ದು ನನ್ನ ಮೊದಲ ಆಯ್ಕೆ.

ಕಿಟಕಿಯಲ್ಲಿ ಬಾತುಕೋಳಿ ನೇತುಹಾಕಿರುವ ಹೋಟೆಲ್ ಆಗಿದ್ದರೆ ಮಗನಿಗೆ ಅರ್ಧ ಬಾತು ಹೇಳಿ. ಒಂದು ಕಥೆಯೂ ಹೇಳಬಹುದು. ಹೀಗೆ ಬಿಸಿಯೂ ಅಲ್ಲದೆ ತಂಪೂ ಅಲ್ಲದೆ ಕಿಟಕಿಯಲ್ಲಿ ತೂಗಾಡುವುದು ಆರೋಗ್ಯ ನಿಯಮಕ್ಕೆ ವಿರುದ್ಧ ಅಂತ ಇನ್‌ಸ್ಪೆಕ್ಟರ್‌ಗಳು ತಕರಾರು ತೆಗೆದಿದ್ದರು. ಕೊನೆಗೆ 1982ರಲ್ಲಿ ಕ್ಯಾಲಿಫೋರ್ನಿಯಾ ಶಾಸನಸಭೆ ಚೀನೀ ಬಾತಿಗೆ ಅಂತಲೇ ವಿನಾಯಿತಿ ಕೊಡುವ ಕಾನೂನು ಮಾಡಿತು. ಮಸೂದೆ ತಂದವರು ಆರ್ಟ್ ಆಗ್ನೋಸ್, ಮುಂದೆ ಇದೇ ಊರಿನ ಮೇಯರ್ ಆದರು.

ಹುಬ್ಬಳ್ಳಿ ಮಿರ್ಚಿ · ಶುಕ್ರವಾರ ರಾತ್ರಿ

ಬಾತಿಗೆ ಕಾನೂನು ಮಾಡಿದರು, ಅಜಿನೊಮೊಟೊಗೆ ಯಾರೂ ಮಾಡಲಿಲ್ಲ ನೋಡ್ರಿ. ಚೈನೀಸ್ ಉಂಡರೆ ನನಗೆ ಮರುದಿನ ತಲೆನೋವು ಗ್ಯಾರಂಟಿ. ವಯಸ್ಸಾದವರನ್ನು ಕರೆದುಕೊಂಡು ಹೋಗುತ್ತಿದ್ದೀರಿ, ಹುಷಾರು.

ಗ್ರಂಥಾಲಯದ ಇಲಿ · ಶುಕ್ರವಾರ ರಾತ್ರಿ

ಮಿರ್ಚಿಯವರೇ, ಈ ತಲೆನೋವಿನ ಕಥೆಗೆ ಒಂದು ಹುಟ್ಟಿದ ದಿನವಿದೆ. 1968ರಲ್ಲಿ ರಾಬರ್ಟ್ ಹೋ ಮಾನ್ ಕ್ವಾಕ್ ಎಂಬ ವೈದ್ಯರು ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ಗೆ ಒಂದು ಪತ್ರ ಬರೆದರು. ಅಮೆರಿಕದ ಚೀನೀ ಹೋಟೆಲ್‌ನಲ್ಲಿ ಉಂಡರೆ ಕತ್ತಿನ ಹಿಂದೆ ಜೋಮು ಹಿಡಿದಂತಾಗುತ್ತದೆ, ಎದೆ ಬಡಿತ ಹೆಚ್ಚುತ್ತದೆ, ಕಾರಣ ಏನಿರಬಹುದು ಅಂತ ಕೇಳಿದ್ದರು. ಸೋಯಾ ಸಾಸ್, ಅಡುಗೆಯ ವೈನ್, ಉಪ್ಪು, ಎಂಎಸ್‌ಜಿ (ನೀವು ಹೇಳಿದ ಅಜಿನೊಮೊಟೊ) ಅಂತ ಹಲವು ಅನುಮಾನ ಮುಂದಿಟ್ಟಿದ್ದರು. ಜನ ಎಂಎಸ್‌ಜಿಯನ್ನು ಮಾತ್ರ ಹಿಡಿದುಕೊಂಡರು. ಅದಕ್ಕೂ ಎಷ್ಟೋ ಮೊದಲು, 1908ರಲ್ಲಿ, ಜಪಾನಿನ ಕಿಕುನಾಎ ಇಕೆಡಾ ಅದರ ಮುಖ್ಯ ಅಂಶವಾದ ಗ್ಲುಟಮೇಟನ್ನು ಕಡಲಕಳೆಯಿಂದ ಬೇರ್ಪಡಿಸಿದ್ದರು. ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಂಎಸ್‌ಜಿಯನ್ನು ಸಾಮಾನ್ಯವಾಗಿ ಸುರಕ್ಷಿತ ಎನ್ನುವ ಪಟ್ಟಿಯಲ್ಲೇ ಇಟ್ಟಿದೆ. ಟೊಮೆಟೊದಲ್ಲಿ, ಪಿಜ್ಜಾ ಮೇಲಿನ ಪರ್ಮೆಸಾನ್ ಚೀಸ್‌ನಲ್ಲಿ ಅದೇ ಗ್ಲುಟಮೇಟ್ ಇದೆ. ಪಿಜ್ಜಾ ತಿಂದು ತಲೆನೋವು ಅಂದವರನ್ನು ನಾನು ಕಂಡಿಲ್ಲ.

ಹುಬ್ಬಳ್ಳಿ ಮಿರ್ಚಿ · ಶುಕ್ರವಾರ ರಾತ್ರಿ

ನೀವು ಏನೇ ಓದಿರ್ರಿ, ತಲೆ ನನ್ನದು.

ಒಗ್ಗರಣೆ · ಶುಕ್ರವಾರ ರಾತ್ರಿ

ಬೇಡ ಅನ್ನುವವರು ‘ನೋ ಎಂಎಸ್‌ಜಿ’ ಅಂತ ಹೇಳಬಹುದು, ಚಮಚದಲ್ಲಿ ಹಾಕುವುದನ್ನು ನಿಲ್ಲಿಸುತ್ತಾರೆ. ಸಾಸ್ ಬಾಟಲಿಯೊಳಗೆ ಇರುವುದನ್ನು ತೆಗೆಯಲು ಅವರಿಂದ ಆಗುವುದಿಲ್ಲ. ಅಂದಹಾಗೆ ನಮ್ಮೂರ ಗೋಬಿ ಮಂಚೂರಿಯ ಕೆಂಪು ಬಣ್ಣದ ಮುಂದೆ ಇದು ಏನೂ ಅಲ್ಲ. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರವೇ ಗೋಬಿಗೆ, ಬಾಂಬೆ ಮಿಠಾಯಿಗೆ ಕೃತಕ ಬಣ್ಣ ಹಾಕಬಾರದು ಅಂತ ನಿಷೇಧ ಹೇರಬೇಕಾಯಿತು. ಪರೀಕ್ಷೆಯಲ್ಲಿ ರೊಡಮೈನ್-ಬಿ ಸಿಕ್ಕಿತ್ತು, ಅದು ಬಟ್ಟೆಗೆ ಹಾಕುವ ಬಣ್ಣ.

ಮಿಲ್ಪಿಟಾಸ್ ಮಾವ · ಶನಿವಾರ ಬೆಳಗ್ಗೆ

ನನ್ನ ಗೋಬಿಯ ಮೇಲೆ ಎಲ್ಲರಿಗೂ ಯಾಕಿಷ್ಟು ಸಿಟ್ಟು? ಅದೂ ಚೀನೀಯರೇ ಕಲಿಸಿದ್ದು ತಾನೇ.

ಗ್ರಂಥಾಲಯದ ಇಲಿ · ಶನಿವಾರ ಬೆಳಗ್ಗೆ

ಕಲಿಸಿದ್ದಲ್ಲ ಸಾರ್, ನಮಗೋಸ್ಕರ ಕಟ್ಟಿದ್ದು. ಕಲ್ಕತ್ತಾದಲ್ಲಿ ಹುಟ್ಟಿದ ನೆಲ್ಸನ್ ವಾಂಗ್ 1975ರ ಸುಮಾರಿಗೆ ಮುಂಬಯಿಯ ಕ್ರಿಕೆಟ್ ಕ್ಲಬ್ ಆಫ್ ಇಂಡಿಯಾದಲ್ಲಿ ಚಿಕನ್ ಮಂಚೂರಿ ಮಾಡಿದರು ಅನ್ನುವುದು ಪ್ರಚಲಿತ ಕಥೆ. ಕೋಳಿ ಹೋಗಿ ಹೂಕೋಸು ಬಂದಿದ್ದು ಆಮೇಲೆ. ಕಲ್ಕತ್ತಾದ ಟಾಂಗ್ರಾ ಬಡಾವಣೆಯ ಚೀನೀಯರಲ್ಲಿ ಹೆಚ್ಚಿನವರು ಹಕ್ಕಾ ಜನ. ಅವರ ಮೂಲವೂ ಕ್ಯಾಂಟನ್ ಇರುವ ಗ್ವಾಂಗ್‌ಡಾಂಗ್ ಪ್ರಾಂತವೇ, ಆದರೆ ಭಾಷೆ ಬೇರೆ, ಮನೆ ಅಡುಗೆ ಬೇರೆ.

ಇನ್ನು ‘ಚೈನೀಸ್ ಅಂದರೆ ಖಾರ’ ಅನ್ನುವುದು. ಖಾರ ಸಿಚುವಾನ್, ಹುನಾನ್ ಕಡೆಯದು. ಸ್ಯಾನ್ ಫ್ರಾನ್ಸಿಸ್ಕೋಗೆ ಮೊದಲು ಬಂದವರು ಆ ಕಡೆಯವರಲ್ಲ. 1849ರಲ್ಲಿ ಚಿನ್ನ ಹುಡುಕಲು ಜನ ಇಲ್ಲಿಗೆ ನುಗ್ಗಿದ ಕಾಲದಿಂದ ಬಂದವರಲ್ಲಿ ಬಹುಪಾಲು ಜನ ಕ್ಯಾಂಟನ್ ಸುತ್ತಿನ ಪರ್ಲ್ ನದಿ ಮುಖಜ ಭೂಮಿಯವರು. ಅದರಲ್ಲೂ ಟೊಯ್‌ಸಾನ್ ಎಂಬ ಒಂದು ಜಿಲ್ಲೆಯವರು ಬಹಳ. 1882ರಲ್ಲಿ ಚೀನೀ ಕೂಲಿಕಾರರು ಬರುವಂತಿಲ್ಲ ಅಂತ ಕಾನೂನು ಬಂತು, ಅದು ಹೋಗಿದ್ದು 1943ರಲ್ಲಿ. ವ್ಯಾಪಾರಿಗಳಿಗೆ ಮಾತ್ರ ವಿನಾಯಿತಿ ಇತ್ತು. 1915ರ ಒಂದು ಕೋರ್ಟ್ ತೀರ್ಪಿನಿಂದ ಹೋಟೆಲ್ ಮಾಲೀಕರೂ ವ್ಯಾಪಾರಿಗಳ ಲೆಕ್ಕಕ್ಕೆ ಬಂದರು. ಊರಿಗೆ ಹೋಗಿ ಬರಲು, ಬಂಧುಗಳನ್ನು ಕರೆಸಿಕೊಳ್ಳಲು ಹೋಟೆಲ್ ಇಡುವುದೇ ದಾರಿಯಾಯಿತು. ಅಮೆರಿಕದ ಊರೂರಲ್ಲಿ ಚೀನೀ ಹೋಟೆಲ್ ಹೆಚ್ಚಲು ಇದೊಂದು ದೊಡ್ಡ ಕಾರಣ. ಚೈನಾಟೌನ್‌ನ ಹ್ಯಾಂಗ್ ಆ ಟೀ ರೂಮ್ 1920ರದ್ದು, ಇನ್ನೂ ನಡೆಯುತ್ತಿದೆ.

ಸನ್‌ಸೆಟ್‌ನ ಹೋಟೆಲ್‌ಗಳು ಬೇರೆ ತಲೆಮಾರಿನವು. 1965ರಲ್ಲಿ ವಲಸೆ ಕಾನೂನು ಸಡಿಲವಾಯಿತು. ಆಮೇಲೆ 1997ರಲ್ಲಿ ಹಾಂಗ್‌ಕಾಂಗ್ ಚೀನಾಕ್ಕೆ ಸೇರುತ್ತದೆ ಅಂತ ಗೊತ್ತಾದಾಗ ಅಲ್ಲಿಂದ ಎಷ್ಟೋ ಕುಟುಂಬಗಳು ಹೊರಟವು. ಮಂಜಿನೂರಿನವರು ಹೇಳಿದ ಮೀನಿನ ತೊಟ್ಟಿ, ಗೋಡೆಯ ಚೀಟಿ, ಇವೆಲ್ಲ ಹಾಂಗ್‌ಕಾಂಗ್ ರೀತಿ.

ಮಿಲ್ಪಿಟಾಸ್ ಮಾವ · ಶನಿವಾರ ಬೆಳಗ್ಗೆ

ಸರಿ, ಒಪ್ಪಿದೆ. ಹಾಗಾದರೆ ಡಿಮ್ ಸಮ್‌ಗೆ, ಅಂದರೆ ಚಹಾ ಜೊತೆಯ ಕ್ಯಾಂಟನೀಸ್ ತಿಂಡಿಗೆ, ಹೋಗಬಹುದಲ್ಲ? ಚಿಕ್ಕ ಚಿಕ್ಕ ತಟ್ಟೆ, ಬೇಡದ್ದನ್ನು ಬಿಡಬಹುದು.

ಕೌಲೂನ್ ಕನ್ನಡಿಗ · ಶನಿವಾರ ಮಧ್ಯಾಹ್ನ

ಡಿಮ್ ಸಮ್ ವೆಜ್‌ನವರಿಗೆ ರಾತ್ರಿ ಊಟಕ್ಕಿಂತ ಕಷ್ಟ. ಎಲ್ಲ ಮೊದಲೇ ಮಾಡಿಟ್ಟಿರುತ್ತಾರೆ, ಒಳಗೆ ಏನಿದೆ ಅಂತ ಬದಲಾಯಿಸಲು ಆಗುವುದಿಲ್ಲ. ಮೂಲಂಗಿ ಕೇಕ್ ಅನ್ನುತ್ತಾರೆ, ಅದರಲ್ಲಿ ಒಣ ಸೀಗಡಿ ಮತ್ತು ಸಾಸೇಜ್ ಚೂರು. ಕೆಸುವಿನ ಗೆಡ್ಡೆಯ ಕರಿದ ಉಂಡೆ ಒಡೆದರೆ ಒಳಗೆ ಹಂದಿ. ತಾವರೆ ಎಲೆಯಲ್ಲಿ ಕಟ್ಟಿದ ಅಂಟು ಅನ್ನದಲ್ಲಿ ಕೋಳಿ. ಎಳ್ಳುಂಡೆಯ ಒಳಗಿನ ಹೂರಣ ಸಿಹಿಯೇ ಆದರೂ ಕೆಲವರು ಹಂದಿ ಕೊಬ್ಬು ಸೇರಿಸಿರುತ್ತಾರೆ. ಮಾವನಿಗೆ ಎಗ್ ಟಾರ್ಟ್ ಕೊಡಿಸಬಹುದು ಅನ್ನಿಸಿದರೆ ಅದರ ಹೊರ ಪದರಕ್ಕೂ ಇದೇ ಪ್ರಶ್ನೆ ಕೇಳಬೇಕು.

ಉಳಿಯುವುದು ಏನೂ ಹಾಕದ ಅಕ್ಕಿ ಹಾಳೆಯ ಸುರುಳಿ. ಅದಕ್ಕೆ ‘ಜಾಯ್ ಚೆಂಗ್’ ಅಂತಲೇ ಹೆಸರು. ಎಳ್ಳಿನ ಸಾಸ್, ಸಿಹಿ ಸಾಸ್, ಸೋಯಾ ಹಾಕಿ ಕೊಡುತ್ತಾರೆ, ನನಗೆ ಪ್ರಾಣ. ಜೊತೆಗೆ ಶುಂಠಿ ಪಾಕ ಹಾಕಿದ ಮೆತ್ತನೆ ತೋಫು. ಇಷ್ಟಕ್ಕೆ ಒಂದು ಭಾನುವಾರ ಕ್ಯೂ ನಿಲ್ಲಬೇಕು. ಐದು ಜನ ಬಾಯಿ ಬೇರೆ ಬೇರೆ ಇರುವಾಗ ರಾತ್ರಿ ಊಟವೇ ಸರಿ, ಅಲ್ಲಿ ಪ್ರತಿಯೊಂದೂ ಹೇಳಿದ ಮೇಲೆಯೇ ಬಾಣಲೆಗೆ ಬೀಳುತ್ತದೆ.

ಮಂಜಿನೂರಿನವಳು · ಶನಿವಾರ ರಾತ್ರಿ

ಪಕ್ಕದ ಮನೆ ಅಜ್ಜಿ ಚೀಟಿ ಬರೆದುಕೊಟ್ಟರು. ಮೊಮ್ಮಗಳು ಪಕ್ಕದಲ್ಲಿ ಕೂತು ಇಂಗ್ಲಿಷ್‌ನಲ್ಲಿ ಹೇಳಿದಳು. ಅತ್ತೆಯದನ್ನು ಬೇರೆ, ನನ್ನದು ಮತ್ತು ಮಾವನದನ್ನು ಬೇರೆ ಬರೆದಿದ್ದಾರೆ. ಈಗ ನನ್ನ ಆರ್ಡರ್ ನೋಡಿ, ತಪ್ಪಿದ್ದರೆ ತಿದ್ದಿ.

ಲೋ ಹಾನ್ ಜಾಯ್, ಅಂದರೆ ಹಲವು ತರಕಾರಿ ಹಾಕಿದ ಬೌದ್ಧರ ಸಸ್ಯಾಹಾರಿ ಅಡುಗೆ. ಅಣಬೆ ಹಾಕಿದ ತೋಫು. ಎಲ್ಲರಿಗೂ ತಲಾ ಒಂದು ವೆಜ್ ನೂಡಲ್ಸ್. ಬೆಳ್ಳುಳ್ಳಿ ಹಾಕಿದ ಬದನೆಕಾಯಿ. ಹಬೆ ಮೀನು. ಇನ್ನು ಗೋಡೆಯ ಚೀಟಿಯಲ್ಲಿ ಸೆಟ್ ಡಿನ್ನರ್ ಅಂತ ಇದೆಯಂತೆ, ಅದು ಬೇಕಾ?

ಕೌಲೂನ್ ಕನ್ನಡಿಗ · ಶನಿವಾರ ರಾತ್ರಿ

ಸೆಟ್ 4 ಜನಕ್ಕೆ, 6 ಜನಕ್ಕೆ ಅಂತ ಇರುತ್ತದೆ. ದುಡ್ಡಿನ ಲೆಕ್ಕದಲ್ಲಿ ಲಾಭವೇ, ಎಲ್ಲ ತಿನ್ನುವವರಿಗೆ ಅದಕ್ಕಿಂತ ಒಳ್ಳೆಯದಿಲ್ಲ. ನಿಮ್ಮಲ್ಲಿ ಮೂವರು ತಿನ್ನದವರು, ಬಿಟ್ಟುಬಿಡಿ.

‘ತಲಾ ಒಂದು’ ಅನ್ನುವುದನ್ನು ಮರೆತುಬಿಡಿ. ಇಲ್ಲಿ ತಟ್ಟೆ ಮೇಜಿನದು, ಒಬ್ಬರದಲ್ಲ. ಐದು ಜನಕ್ಕೆ ಐದು ಬಗೆ ಸಾಕು, ಜೊತೆಗೆ ಎಲ್ಲರಿಗೂ ಒಂದೊಂದು ಬಟ್ಟಲು ಬಿಳಿ ಅನ್ನ. ನೂಡಲ್ಸ್ ಐದು ಹೇಳಿದರೆ ಅದರಲ್ಲೇ ಹೊಟ್ಟೆ ತುಂಬುತ್ತದೆ, ಒಂದು ದೊಡ್ಡ ತಟ್ಟೆ ಸಾಕು. ಅದೂ ಹಳದಿ ನೂಡಲ್ಸ್ ಬೇಡ, ಸಾಮಾನ್ಯವಾಗಿ ಮೊಟ್ಟೆ ಇರುತ್ತದೆ. ಅಕ್ಕಿಯದ್ದು ಕೇಳಿ. ಅಗಲವಾಗಿದ್ದರೆ ಹೋ ಫನ್, ಶಾವಿಗೆಯಂತಿದ್ದರೆ ಮಾಯ್ ಫನ್. ‘ಸಿಂಗಪುರ್ ಮಾಯ್ ಫನ್’ಗೆ ಕರಿ ಪೌಡರ್ ಹಾಕಿ ಹುರಿಯುತ್ತಾರೆ, ಅದು ಅತ್ತೆಗೆ ಹಿಡಿಸಬಹುದು. ಸುಮ್ನೆ ಹೇಳಿದರೆ ಸೀಗಡಿ, ಮಾಂಸ, ಮೊಟ್ಟೆ ಮೂರೂ ಬರುತ್ತವೆ. ಚೀಟಿ ತೋರಿಸಿಯೇ ಹೇಳಿ.

ತೋಫು ಹೇಳುವಾಗ ‘ಎಗ್ ತೋಫು’ ಅಲ್ಲ ತಾನೇ ಅಂತ ಕೇಳಿಕೊಳ್ಳಿ. ದುಂಡಗೆ, ಹಳದಿ, ಬೆಣ್ಣೆಯಷ್ಟು ಮೆತ್ತಗೆ ಇರುತ್ತದಲ್ಲ, ಅದರಲ್ಲಿ ಮೊಟ್ಟೆ ಇದೆ. ಅಣಬೆ ತೋಫುವಿಗೆ ಎಷ್ಟೋ ಕಡೆ ಅದನ್ನೇ ಬಳಸುತ್ತಾರೆ. ನಿಮಗೆ, ಮಾವನಿಗೆ ತೊಂದರೆ ಇಲ್ಲ. ಮಾಮೂಲಿ ತೋಫುವನ್ನೂ ಮೊದಲು ಎಣ್ಣೆಯಲ್ಲಿ ಕರಿದು ಆಮೇಲೆ ಸಾಸ್‌ಗೆ ಹಾಕುವುದಿದೆ, ಕರಿಯದೆ ಮಾಡಿ ಅಂತ ಹೇಳಿ. ಬದನೆಕಾಯಿಯಂತೂ ಕರಿಯದೆ ಮಾಡುವುದೇ ಇಲ್ಲ. ಅದೂ ಅಲ್ಲದೆ ನಿಮ್ಮ ಪಟ್ಟಿಯಲ್ಲಿ ಜಾಯ್, ತೋಫು, ಬದನೆ ಮೂರೂ ಕಂದು ಸಾಸ್‌ನ ಮೆತ್ತನೆಯ ಪದಾರ್ಥ. ಮೂರನೆಯದು ಬರುವಷ್ಟರಲ್ಲಿ ಬೇಜಾರಾಗುತ್ತದೆ. ಬದನೆ ತೆಗೆದು ಸೊಪ್ಪು ಹಾಕಿ. ಬಟಾಣಿ ಕುಡಿ ಸಿಕ್ಕರೆ ಅದೇ, ಬೆಳ್ಳುಳ್ಳಿ ಹಾಕಿ ಹುರಿದದ್ದು, ಸಾರು ಬೇಡ ಅಂತ ಹೇಳಿ. ಬೆಲೆ ಸ್ವಲ್ಪ ಜಾಸ್ತಿ, ಬುಟ್ಟಿಗಟ್ಟಲೆ ಕುಡಿ ಬೆಂದು ಒಂದು ತಟ್ಟೆಯಾಗುತ್ತದೆ. ಈ ಸೊಪ್ಪಿನಲ್ಲಿ ಆ ಅಡುಗೆಯವರ ಕೈ ಎಂಥದ್ದು ಅಂತ ಗೊತ್ತಾಗುತ್ತದೆ. ದೊಡ್ಡ ಉರಿಯಲ್ಲಿ ಕ್ಷಣ ಹೊತ್ತು ಆಡಿಸಿ ಇಳಿಸಿದರೆ ಹೊಗೆಯ ಘಮ ಬರುತ್ತದೆ, ತಟ್ಟೆಯಲ್ಲಿ ನೀರು ಬಿಡುವುದಿಲ್ಲ. ನಾನಂತೂ ಹೊಸ ಹೋಟೆಲ್ ಅಂದರೆ ಮೊದಲು ಸೊಪ್ಪು ಹೇಳುತ್ತೇನೆ.

ಬಂಗುಡೆ ಪ್ರೇಮಿ · ಶನಿವಾರ ರಾತ್ರಿ

ಮೀನು ಗಂಡ, ಮಗನ ಕಡೆ ಇರಲಿ. ಮೇಜಿನ ನಡುವೆ ತಿರುಗುವ ಹಲಗೆ ಇದ್ದರೆ ಚಮಚಗಳೂ ತಿರುಗುತ್ತವೆ. ಮಗ ಮೀನಿಗೆ ಹಾಕಿದ ಚಮಚವನ್ನೇ ತೋಫುಗೆ ಹಾಕಿದರೆ ಇಷ್ಟು ಚರ್ಚೆ ನೀರಿಗೆ ಹೋಯಿತು. ಪ್ರತಿ ತಟ್ಟೆಗೂ ಬೇರೆ ಚಮಚ ಕೇಳಿ.

ತೊವ್ವೆ ಅನ್ನ · ಭಾನುವಾರ ಬೆಳಗ್ಗೆ

ಅತ್ತೆಯವರ ಕೈಚೀಲದಲ್ಲಿ ಉಪ್ಪಿನಕಾಯಿ ಡಬ್ಬಿ ಇರಲಿ ಕಣಮ್ಮ. ಯಾರೂ ಏನೂ ಅನ್ನುವುದಿಲ್ಲ.

ಕೌಲೂನ್ ಕನ್ನಡಿಗ · ಭಾನುವಾರ ಬೆಳಗ್ಗೆ

ಮೇಜಿನ ಮೇಲೆ ಮೆಣಸಿನಕಾಯಿ ಎಣ್ಣೆ ಇರುತ್ತದೆ, ಕೇಳಿದರೆ ಹಸಿಮೆಣಸು ಹೆಚ್ಚಿ ಸೋಯಾದಲ್ಲಿ ಹಾಕಿಯೂ ಕೊಡುತ್ತಾರೆ. ಮಿರ್ಚಿಯವರು ಹೋದಾಗಲೂ ಕೇಳಬಹುದು. ಎಣ್ಣೆಯ ಬಾಟಲಿಯಲ್ಲಿ ಒಣ ಸೀಗಡಿ ಇರುವುದುಂಟು, ಅತ್ತೆಗೆ ಹಸಿಮೆಣಸೇ ಕ್ಷೇಮ.

ಚಹಾ ಬಗ್ಗೆ ಯಾರೂ ಬರೆಯಲಿಲ್ಲ. ಕೂತ ತಕ್ಷಣ ಯಾವುದು ಬೇಕು ಅಂತ ಕೇಳುತ್ತಾರೆ. ಮಲ್ಲಿಗೆ ಚಹಾ ಎಲ್ಲರಿಗೂ ಹಿಡಿಸುತ್ತದೆ. ಪೂ ಎರ್ ಅನ್ನುವುದು ಕಡು ಕಪ್ಪು, ಮಣ್ಣಿನ ವಾಸನೆ, ಎಣ್ಣೆ ಪದಾರ್ಥಕ್ಕೆ ಒಳ್ಳೆಯ ಜೋಡಿ. ಹಾಲು, ಸಕ್ಕರೆ ಬರುವುದಿಲ್ಲ, ಮಾವನಿಗೆ ಮೊದಲೇ ಹೇಳಿಬಿಡಿ. ಹಿರಿಯರ ಲೋಟಕ್ಕೆ ಮೊದಲು ಸುರಿಯಬೇಕು, ತನಗೆ ಕೊನೆಗೆ. ಯಾರಾದರೂ ಸುರಿದಾಗ ಎರಡು ಬೆರಳಿನಿಂದ ಮೇಜನ್ನು ಮೆಲ್ಲಗೆ ತಟ್ಟಿದರೆ ಅದೇ ಥ್ಯಾಂಕ್ಸ್. ಚಿಯೆನ್‌ಲುಂಗ್ ಚಕ್ರವರ್ತಿ ವೇಷ ಮರೆಸಿಕೊಂಡು ತಿರುಗುವಾಗ ಸೇವಕನಿಗೆ ತಾನೇ ಚಹಾ ಸುರಿದನಂತೆ. ಅವನು ಅಡ್ಡಬಿದ್ದರೆ ಗುಟ್ಟು ರಟ್ಟಾಗುತ್ತದೆ ಅಂತ ಬೆರಳನ್ನೇ ಬಾಗಿಸಿದನಂತೆ. ಕಥೆ ಕಥೆಯೇ, ಆದರೆ ಮಾವನಿಗೆ ಇಷ್ಟವಾಗುತ್ತದೆ. ಚಹಾ ಮುಗಿದರೆ ಕೂಗಬೇಡಿ, ಕೆಟಲ್‌ನ ಮುಚ್ಚಳವನ್ನು ಓರೆಯಾಗಿ ತೆರೆದಿಡಿ, ಬಂದು ತುಂಬಿಸುತ್ತಾರೆ.

ಚಾಪ್‌ಸ್ಟಿಕ್ಸ್ ಬಾರದಿದ್ದರೆ ಫೋರ್ಕ್ ಕೇಳಿ. ಅನ್ನದ ಬಟ್ಟಲಿನಲ್ಲಿ ಮಾತ್ರ ನೆಟ್ಟಗೆ ಚುಚ್ಚಿ ನಿಲ್ಲಿಸಬೇಡಿ, ಅದು ಸತ್ತವರಿಗೆ ಇಡುವ ಅನ್ನದ ರೀತಿ. ಬಡಿಸುವವರು ಚುಟುಕಾಗಿ ಮಾತಾಡಿದರೆ ಸಿಟ್ಟು ಅಂದುಕೊಳ್ಳಬೇಡಿ, ಅಲ್ಲಿಯ ವೇಗವೇ ಹಾಗೆ. ಕೊನೆಗೆ ಕೆಂಪು ಅಲಸಂದೆಯಂಥ ಕಾಳಿನ ಸಿಹಿ ಗಂಜಿ ಪುಕ್ಕಟೆ ಬಂದರೆ ಅತ್ತೆ ಧೈರ್ಯವಾಗಿ ಕುಡಿಯಬಹುದು. ಕಾಳು, ಕಲ್ಲುಸಕ್ಕರೆ, ಒಣಗಿದ ಕಿತ್ತಳೆ ಸಿಪ್ಪೆ, ಅಷ್ಟೇ.

ಹುಬ್ಬಳ್ಳಿ ಮಿರ್ಚಿ · ಭಾನುವಾರ ಮಧ್ಯಾಹ್ನ

ಕ್ಯಾಶ್ ಇಟ್ಟುಕೊಂಡು ಹೋಗ್ರಿ. ಇಂಥ ಹೋಟೆಲ್‌ಗಳಲ್ಲಿ ಕೆಲವು ಕಡೆ ಕಾರ್ಡ್ ತಗೊಳ್ಳುವುದಿಲ್ಲ.

ಮಂಜಿನೂರಿನವಳು · ಭಾನುವಾರ ಸಂಜೆ

ಈಗಷ್ಟೇ ಫೋನ್ ಮಾಡಿದೆ. ಕಾರ್ಡ್ ನಡೆಯುತ್ತದೆ. ಮಂಗಳವಾರ ರಜೆಯಂತೆ, ಬುಧವಾರಕ್ಕೆ ದುಂಡು ಮೇಜು ಹೇಳಿಟ್ಟಿದ್ದೇನೆ. ಏಳು ಗಂಟೆ ಕೇಳಿದರೆ "ಬಿಜಿ, ಐದೂವರೆಗೆ ಬನ್ನಿ" ಅಂದರು. ಮೀನಿನ ಬೆಲೆ ಆವತ್ತೇ ಹೇಳುತ್ತಾರಂತೆ. ಬಟಾಣಿ ಕುಡಿ ಇದೆ. ಜಾಯ್ ಅಂದ ತಕ್ಷಣ ಆಕೆ "ಎಷ್ಟು ಜನ ಜಾಯ್?" ಅಂತ ಕೇಳಿದರು. ಒಬ್ಬರು ಅಂದೆ. "ಬೆಳ್ಳುಳ್ಳಿ ಓಕೆನಾ?" ಅಂತ ಅವರೇ ಕೇಳಿದರು. ಅದು ನಡೆಯುತ್ತದೆ ಅಂದೆ. ಇದೀಗ ಅತ್ತೆ ಅಡುಗೆಮನೆಯಿಂದ ಕೂಗಿ ಹೇಳುತ್ತಿದ್ದಾರೆ, ಬುಧವಾರ ಏಕಾದಶಿಯಾ ಅಂತ ಪಂಚಾಂಗ ನೋಡಬೇಕಂತೆ.